ಬೂಟು ಹರಿಯುವ ದಾರಿಯಲ್ಲಿ ಅತ್ತೆ ಮತ್ತು ನಾನು

ನಾನು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ನೈರೋಬಿಯಲ್ಲೇ. ಹಾಗಾಗಿ ನನ್ನ ಮಟ್ಟಿಗೆ ವಿದೇಶವೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ. ಇಲ್ಲಿನ ನಮ್ಮ ಕನ್ನಡದ ಮಂದಿ ಸಿಕ್ಕಾಗಲೆಲ್ಲ "ಇಂಡಿಯಾ ಹೇಗಿತ್ತು?" ಎಂದು ಕೇಳುತ್ತಾರೆ. ಕಾರಿನ ಅಡಿಯಿಂದ ಬಹಳ ಚೆನ್ನಾಗಿ ಕಾಣುತ್ತಿತ್ತು ಎಂದು ಹೇಳುತ್ತೇನೆ. ಅವರು ನಗುತ್ತಾರೆ. ನಾನು ಹೇಳುವುದು ನಿಜ.

ಹೊರಟದ್ದು ಅತ್ತೆಗಾಗಿ. ಗಿರಿಯಮ್ಮ, ನನ್ನ ಗಂಡನ ತಾಯಿ, ಹೊಸನಗರ ಸೀಮೆಯ ಹೊಳೆಕೊಪ್ಪ ಎಂಬ ಹಳ್ಳಿಯವರು. ಶರಾವತಿಯ ದಡದ ಬೇಸಾಯಗಾರರ ಮನೆಯ ಹೆಣ್ಣು. ಮುಂಬೈಯಲ್ಲಿ ಹೊಲಿಗೆ ಕಲಿತ ಹುಡುಗನನ್ನು ಮದುವೆಯಾಗಿ, ಅವನ ಹಿಂದೆ ಹಡಗು ಹತ್ತಿ ಮೊಂಬಾಸಾಕ್ಕೆ ಬಂದಾಗ ಇನ್ನೂ ಎಳೆಯ ಪ್ರಾಯ. ಆಮೇಲೆ ಊರ ಕಡೆ ಹೋಗಲೇ ಇಲ್ಲ. ಮೊದಲು ದುಡ್ಡಿರಲಿಲ್ಲ, ಆಮೇಲೆ ಪುರುಸೊತ್ತಿರಲಿಲ್ಲ, ಕೊನೆಗೆ ಮಾವನವರು ತೀರಿಕೊಂಡರು. ಹೊಳೆಕೊಪ್ಪದಲ್ಲೇ ಮದುವೆಯಾಗಿ ಉಳಿದ ತಂಗಿ ಚಿನ್ನಮ್ಮನಿಂದ ವರ್ಷಕ್ಕೊಮ್ಮೆ ಯಾರ ಕೈಯಲ್ಲೋ ಬರೆಸಿದ ಕಾಗದ ಬರುತ್ತಿತ್ತು. ಅದೂ ನಿಂತುಹೋಗಿತ್ತು.

"ಒಂದ್ಸಲ ಅವಳ ಮುಖ ನೋಡ್ಬೇಕು ಮಾರಾಯ್ತಿ," ಎಂದು ಅತ್ತೆ ಒಂದು ದಿನ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಹೇಳಿದರು. ಗಂಡನಿಗೆ ಅಂಗಡಿ ಬಿಡುವ ಹಾಗಿರಲಿಲ್ಲ. ನನಗೆ ಶಾಲೆಗೆ ರಜೆ ಇತ್ತು, ಕಾರು ಓಡಿಸಲು ಬರುತ್ತಿತ್ತು. ನಮ್ಮ ಪುಟ್ಟ ಕಾರನ್ನು ಹಡಗಿಗೆ ಏರಿಸಿ ಇಬ್ಬರೂ ಮುಂಬೈಗೆ ಬಂದಿಳಿದೆವು.

ಸಾಗರ

ಈ ಕಾರಿನ ಸ್ವಭಾವ ಸ್ವಲ್ಪ ಹೇಳಬೇಕು. ಬೇರೆ ಕಾರುಗಳನ್ನು ಹಿಂದಿನ ಚಕ್ರಗಳು ತಳ್ಳುತ್ತವೆ, ಇದನ್ನು ಮುಂದಿನ ಚಕ್ರಗಳು ಎಳೆಯುತ್ತವೆ. ಎಂಜಿನ್ನಿನಿಂದ ಒಂದೊಂದು ಮುಂಚಕ್ರಕ್ಕೂ ಒಂದೊಂದು ಆಕ್ಸಲ್ ಸರಳು ಹೋಗುತ್ತದೆ. ಸರಳಿನ ತುದಿಯಲ್ಲಿ, ಚಕ್ರ ತಿರುಗಿದ ಕಡೆಗೆಲ್ಲ ಬಾಗುವ ಒಂದು ಕೀಲು. ಆ ಕೀಲಿನ ತುಂಬ ಗ್ರೀಸು, ಗ್ರೀಸು ಸೋರದಂತೆ ಮೇಲೊಂದು ರಬ್ಬರಿನ ಚೀಲ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಅದಕ್ಕೇ ಬೂಟು ಎನ್ನುವುದು. ಬೂಟು ಹರಿದರೆ ಗ್ರೀಸು ಹೊರಗೆ, ಧೂಳು ಒಳಗೆ. ತಿರುವಿನಲ್ಲಿ ಕಟಕಟ ಸದ್ದು ಶುರುವಾಗುತ್ತದೆ. ಹಾಗೇ ಬಿಟ್ಟರೆ ಕೀಲು ಸವೆದು ಮುರಿಯುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ. ನೈರೋಬಿಯ ಕೆಮ್ಮಣ್ಣಿನ ರಸ್ತೆಯಲ್ಲಿ ಇದು ಮತ್ತೆ ಮತ್ತೆ ಹರಿದು, ಬದಲಾಯಿಸುವ ಕೆಲಸ ನನಗೆ ಅಡಿಗೆಯಷ್ಟೇ ರೂಢಿಯಾಗಿತ್ತು. ಆದರೂ ತಂದದ್ದು ಎರಡೇ ಬಿಡಿ ಬೂಟು.

ಸಾಗರಕ್ಕೆ ಬರುವಷ್ಟರಲ್ಲಿ ಎಡಗಡೆ ಕಟಕಟ ಎನ್ನುತ್ತಿತ್ತು. ಪೇಟೆಯ ಅಂಚಿನಲ್ಲಿ ಒಂದು ಲಾರಿ ಗ್ಯಾರೇಜು ಕಂಡಿತು. ಅದರ ಮೇಸ್ತ್ರಿ ಕಾಸಿಂ ಸಾಹೇಬರು ದಪ್ಪ ಮೀಸೆಯವರು, ನಗುಮುಖದವರು.

"ಬೂಟು ಹರಿದಿದೆ," ಎಂದೆ.

ಅವರು ನನ್ನ ಕಾಲು ನೋಡಿದರು. ನಾನು ಚಪ್ಪಲಿ ಹಾಕಿದ್ದೆ. "ಚಮ್ಮಾರರು ಆ ಕಡೆ ಅದಾರೆ ಅಮ್ಮಾ, ಬಸ್ ಸ್ಟ್ಯಾಂಡ್ ಹತ್ರ," ಎಂದರು.

ನಾನು ನೆಲದ ಮೇಲೆ ಗೋಣಿ ಹಾಸಿ ಕಾರಿನ ಅಡಿಗೆ ಹೋಗಿ ಬೆರಳಿಟ್ಟು ತೋರಿಸಿದೆ. ಹೊರಗೆ ಬರುವಷ್ಟರಲ್ಲಿ ಸುತ್ತ ಜನ ಸೇರಿದ್ದರು. ಹೆಂಗಸು ಕಾರು ಓಡಿಸುವುದನ್ನು ಕೆಲವರು ಕಂಡಿರಬಹುದು, ಹೆಂಗಸಿನ ಕಾಲು ಮಾತ್ರ ಕಾರಿನ ಅಡಿಯಿಂದ ಕಾಣುವುದನ್ನು ಯಾರೂ ಕಂಡಂತಿರಲಿಲ್ಲ. ನೈರೋಬಿಯಲ್ಲಾದರೆ ಯಾರೂ ನಿಂತು ನೋಡುವುದಿಲ್ಲ, ಏನೂ ಕೇಳುವುದಿಲ್ಲ. ಇಲ್ಲಿ ನನ್ನ ಗಂಡ, ಮಕ್ಕಳು, ಜಾತಿ, ಊಟ ಎಲ್ಲ ವಿಚಾರಣೆಯಾದ ಮೇಲೆಯೇ ಜಾಕು ಬಂತು.

"ಮುಂದಿನ ಚಕ್ರ ಎಳೀತದಾ?" ಸಾಹೇಬರಿಗೆ ನಂಬಿಕೆ ಬರಲಿಲ್ಲ. "ಹಂಗಾದ್ರೆ ಹಿಂದಿನದು ಎಂತ ಮಾಡ್ತದೆ?"

"ಸುಮ್ಮನೆ ಜೊತೆಗೆ ಬರುತ್ತದೆ."

"ಮದುವೆ ದಿಬ್ಬಣ ಬಂದಂಗೆ!" ಎಂದು ಅವರು ಜೋರಾಗಿ ನಕ್ಕರು.

ಚಕ್ರ ಬಿಚ್ಚಿ, ಸರಳು ಹೊರಗೆಳೆದು, ಇಬ್ಬರೂ ಸೇರಿ ಕೆಲಸ ಮಾಡಿದೆವು. ಎಡಗಡೆಯದು ಪೂರ್ತಿ ಹರಿದಿತ್ತು, ಬಲಗಡೆಯದು ಸೀಳಿತ್ತು. ತಂದ ಎರಡೂ ಅಲ್ಲೇ ಖರ್ಚಾದವು. ಕೊನೆಗೆ ಸಾಹೇಬರು ಸರಳನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವಾಗ, ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅತ್ತೆ ಗಾಬರಿಯಾಗಿ ಕೂಗಿದರು: "ಪೋಲೆ ಪೋಲೆ!"

ಸುತ್ತಿಗೆ ನಿಂತಿತು. "ಯಾರಿಗಮ್ಮಾ ಪೋಲಿ ಅನ್ನದು? ನಾನು ಮೊಮ್ಮಕ್ಕಳನ್ನ ಕಂಡವ್ನು!"

ಸ್ವಾಹಿಲಿಯಲ್ಲಿ ಪೋಲೆ ಪೋಲೆ ಎಂದರೆ ನಿಧಾನ ನಿಧಾನ ಎಂದು ನಾನು ವಿವರಿಸುವಷ್ಟರಲ್ಲಿ ಗ್ಯಾರೇಜಿನವರೆಲ್ಲ ಒಬ್ಬರಿಗೊಬ್ಬರು "ಪೋಲಿ ಪೋಲಿ" ಎಂದು ಕೂಗಿಕೊಳ್ಳುತ್ತಿದ್ದರು. ಸಾಹೇಬರೂ ನಕ್ಕು ಚಹಾ ತರಿಸಿದರು. ಚಹಾ ಕುಡಿಯುತ್ತ ಕೇಳಿದರು: "ಎಲ್ಲಿಗೆ ಹೊರಟ್ರಿ?"

"ಹೊಳೆಕೊಪ್ಪಕ್ಕೆ," ಎಂದರು ಅತ್ತೆ. "ಅಲ್ಲಿ ನನ್ನ ತಂಗಿ ಅದಾಳೆ."

ಸಾಹೇಬರು ಲೋಟ ಕೆಳಗಿಟ್ಟರು. "ಅಮ್ಮಾ, ಹೊಳೆಕೊಪ್ಪ ಮುಳುಗಡೆ ಆಯ್ತಲ್ಲ. ಅಣೆಕಟ್ಟಿನ ನೀರು ನಿಂತ ಮೇಲೆ ಆ ಕಡೆ ಊರೆಲ್ಲ ಹೋದ್ವು. ಜನ ಒಬ್ಬೊಬ್ರು ಒಂದೊಂದು ದಿಕ್ಕು."

ಅತ್ತೆ ಕಲ್ಲಿನಿಂದ ಎದ್ದರು. ಕಾರಿನೊಳಗೆ ಹೋಗಿ ಕೂತರು. ನಾನು ಪಕ್ಕದಲ್ಲಿ ಕೂತಾಗ ಮೆಲ್ಲಗೆ ಕೇಳಿದರು: "ಊರೇ ಇಲ್ಲ ಅಂದ್ಮೇಲೆ ಎಲ್ಲಿಗೇ ಹೋಗೋದು?"

"ಊರು ಮುಳುಗಿದೆ ಅತ್ತೆ, ಜನ ಮುಳುಗಿಲ್ಲ. ಕೇಳುತ್ತಾ ಹೋಗೋಣ," ಎಂದೆ. ಧೈರ್ಯದಿಂದ ಹೇಳಿದೆನಾದರೂ ಒಳಗೆ ಅಳುಕಿತ್ತು. ವಾಪಸು ಹೊರಡುವ ಹಡಗು ನಮಗಾಗಿ ಕಾಯುವುದಿಲ್ಲ. ಮೂರು ತಾಲೂಕಿನ ಕಾಡು ಗುಡ್ಡಗಳಲ್ಲಿ ಒಬ್ಬ ಚಿನ್ನಮ್ಮನನ್ನು ಹುಡುಕಬೇಕಿತ್ತು, ಕೈಯಲ್ಲಿ ಒಂದೂ ಬಿಡಿ ಬೂಟು ಇಲ್ಲದೆ.

ರಿಪ್ಪನ್‌ಪೇಟೆ

ದಾರಿಯುದ್ದಕ್ಕೂ ಕೆಂಪು ಧೂಳು. ಅತ್ತೆಯ ಬಿಳಿ ಕೂದಲು ರಿಪ್ಪನ್‌ಪೇಟೆಗೆ ಬರುವ ಹೊತ್ತಿಗೆ ಮದರಂಗಿ ಹಚ್ಚಿದಂತಾಗಿತ್ತು. ಆ ಮಣ್ಣನ್ನು ಕಂಡು ನನಗೆ ಮನೆಯ ನೆನಪಾಯಿತು, ಬಣ್ಣವೂ ಅದೇ, ವಾಸನೆಯೂ ಅದೇ. ಬೇರೆಯಾದದ್ದು ಒಂದೇ: ಅಲ್ಲಿ ರಸ್ತೆಗೆ ಅಡ್ಡ ಜಿರಾಫೆ ಬರುತ್ತದೆ, ಇಲ್ಲಿ ಎಮ್ಮೆ. ಜಿರಾಫೆ ಹಾರನ್ನಿಗೆ ಹೆದರುತ್ತದೆ. ಎಮ್ಮೆ ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಮೆಲುಕು ಹಾಕುತ್ತದೆ.

ಅಂಥದ್ದೇ ಒಂದು ಎಮ್ಮೆಗೆ ದಾರಿ ಬಿಡಲು ಕಾರನ್ನು ಬದಿಗೆ ಇಳಿಸಿದೆ. ಕಡಿದ ಬಿದಿರಿನ ಚೂಪು ಮೋಟು ಹುಲ್ಲಿನಲ್ಲಿ ಅಡಗಿತ್ತು. ಚರ್ ಎಂದಿತು. ಇಳಿದು ನೋಡಿದರೆ ಹೊಚ್ಚ ಹೊಸ ಎಡಗಡೆ ಬೂಟು ಉದ್ದಕ್ಕೆ ಸೀಳಿ ಗ್ರೀಸು ತೊಟ್ಟಿಕ್ಕುತ್ತಿತ್ತು. ನನಗೆ ಅಳು ಬಂತು. ಅತ್ತೆಗೆ ನಗು ಬಂತು. "ಎಮ್ಮೆ ನೋಡೇ, ಎಂಥ ಆಗಿಲ್ಲ ಅನ್ನಂಗೆ ಹೋಗ್ತಾ ಅದೆ," ಎಂದರು. ಸಾಗರ ಬಿಟ್ಟ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ.

ಪೇಟೆಯಲ್ಲಿ ಸಂತೆ. ಬಸ್ಸುಗಳು ಕೂಡುವ ಜಾಗದಲ್ಲಿ ಅಡಿಕೆ ಮೂಟೆ, ಕೋಳಿ, ಬಳೆ, ಬೆಲ್ಲ. ರಬ್ಬರಿನ ಬೂಟು ಕೇಳಿದರೆ ಮಳೆಗಾಲದ ಬೂಟು ತೋರಿಸಿದರು. ಕೊನೆಗೆ ಒಬ್ಬರು, "ಚರ್ಮದಲ್ಲಾದ್ರೆ ಕೆಂಚಪ್ಪ ಮಾಡ್ಕೊಡ್ತಾನೆ," ಎಂದು ಕೈ ತೋರಿಸಿದರು.

ಕೆಂಚಪ್ಪ ಮದ್ದಲೆಗೆ ಚರ್ಮ ಬಿಗಿಯುವವನು. ಹರಿದ ಬೂಟನ್ನು ಕೈಯಲ್ಲಿ ತಿರುಗಿಸಿ, "ಇದು ಮದ್ದಲೆನೂ ಅಲ್ಲ, ತಿದಿನೂ ಅಲ್ಲ," ಎಂದ. ಆಡಿನ ಚರ್ಮ ಹದವಾಗಿ ಕತ್ತರಿಸಿ, ಸರಳು ಬಿಚ್ಚದೆಯೇ ಕೀಲಿನ ಸುತ್ತ ಸುತ್ತಿ, ದಾರದಿಂದ ಹೊಲಿದು, ಎರಡು ತುದಿಗೂ ತಂತಿ ಬಿಗಿದ. ಮೆತ್ತಗಿರಲಿ ಎಂದು ಮೇಲೆ ಧಾರಾಳವಾಗಿ ಹರಳೆಣ್ಣೆ ಸವರಿದ. ಬಸ್ಸಿನವರು ಒಂದು ಡಬ್ಬಿ ಗ್ರೀಸು ಕೊಟ್ಟರು.

"ಹೊಳೆಕೊಪ್ಪದವರು ಯಾರಾದ್ರೂ ಗೊತ್ತಾ?" ಅತ್ತೆ ಅವನನ್ನು ಕೇಳಿದರು. ಸಂತೆಯಲ್ಲಿ ಸಿಕ್ಕವರನ್ನೆಲ್ಲ ಅವರು ಕೇಳುತ್ತಲೇ ಇದ್ದರು.

"ಅಲ್ಲಿ ಮೇಳಕ್ಕೆ ಮದ್ದಲೆ ಬಿಗೀತಿದ್ದೆ ಅಮ್ಮ. ಕೆಲವ್ರು ಶಿವಮೊಗ್ಗ ಕಡೆ ಹೋದ್ರು. ಇನ್ನು ಕೆಲವ್ರು ಗಾಡಿ ಕಟ್ಕಂಡು ಹೊಸನಗರದ ದಾರಿ ಹಿಡಿದ್ರು. ಹೆಸ್ರು ಮಾತ್ರ ನೆನಪಿಲ್ಲ."

ಶಿವಮೊಗ್ಗವೋ ಹೊಸನಗರವೋ? ಅತ್ತೆ ಎರಡು ರಸ್ತೆಯನ್ನೂ ನೋಡಿದರು. "ಚಿನ್ನಿ ಬಯಲು ಸೀಮೆ ಕಡೆ ಹೋಗಳಲ್ಲ. ಅವಳಿಗೆ ಗುಡ್ಡ ಕಾಣ್ದಿದ್ರೆ ಊಟ ಸೇರದಿಲ್ಲ," ಎಂದು ಹೊಸನಗರದ ಕಡೆ ಗಲ್ಲ ತಿರುಗಿಸಿದರು.

ಹೊಸನಗರ

ಮದ್ದಲೆಯ ಬೂಟು ಬಹಳ ಚೆನ್ನಾಗಿ ಓಡಿತು. ಹೊಸನಗರದಲ್ಲಿ ಬಸ್ ನಿಲ್ಲುವಲ್ಲೇ ಸಾವಿತ್ರಮ್ಮ ಮತ್ತು ಅವರ ಯಜಮಾನರು ನಡೆಸುವ ಒಂದು ಪುಟ್ಟ ಹೋಟೆಲು. ಹಿಂದುಗಡೆ ಅವರ ಮನೆ. ನಾವು ತಲುಪಿದಾಗ ರಾತ್ರಿ ಬಹಳವಾಗಿತ್ತು, ತಂಗಿಯ ವಿಚಾರ ಬೆಳಿಗ್ಗೆ ಕೇಳುವುದೆಂದು ಬಿಟ್ಟೆವು. ಹೆಂಗಸರಿಬ್ಬರೇ ಎಂದು ಕಂಡು ಮನೆಯಲ್ಲೇ ಉಳಿಸಿಕೊಂಡರು. ಗುರುತಿಲ್ಲದ ನಮಗೆ ಹಾಸಿಗೆ ಹಾಸಿ, "ಎಂತಕ್ಕೆ ಸಂಕೋಚ?" ಎಂದರು. ನಮ್ಮ ನೈರೋಬಿಯಲ್ಲಿ ಗೇಟಿಗೆ ಬೀಗ, ಬೀಗಕ್ಕೆ ಕಾವಲುಗಾರ.

ಬೆಳಿಗ್ಗೆ ದೋಸೆ ತಿನ್ನುತ್ತಿದ್ದಾಗ ಅಂಗಳದಿಂದ ಸಾವಿತ್ರಮ್ಮನ ಕೂಗು ಕೇಳಿತು. ಗಂಡನನ್ನು ತಮ್ಮ ಮನೆಮಾತಿನಲ್ಲಿ ಕರೆಯುತ್ತಿದ್ದರು: "ಇಲ್ನೋಡಿ! ನಾಯಿ ಎಂತದೋ ಕಚ್ಗಂಡು ಓಡ್ತಾ ಇದ್ದು!"

ಓಡಿ ಹೊರಗೆ ಬಂದೆ. ಒಂದು ಕಂದು ನಾಯಿ ಬಾಲವೆತ್ತಿಕೊಂಡು ರಸ್ತೆಯಲ್ಲಿ ಓಡುತ್ತಿತ್ತು. ಅದರ ಬಾಯಲ್ಲಿ ನನ್ನ ಬೂಟು. ಹರಳೆಣ್ಣೆ ಕುಡಿದ ಆಡಿನ ಚರ್ಮದ ವಾಸನೆಗೆ ಊರ ನಾಯಿಗಳೆಲ್ಲ ಕಾರಿನ ಅಡಿಯಲ್ಲಿ ಸೇರಿದ್ದವು. ನಾನು ಹಿಂದೆ ಓಡಿದೆ, ಯಜಮಾನರು ಸೌಟು ಹಿಡಿದು ಓಡಿದರು, ಬಸ್ಸಿಗೆ ಕಾದವರಲ್ಲಿ ಕೆಲವರು ಗಂಟು ಬಿಟ್ಟು ನಮ್ಮ ಜೊತೆ ಓಡಿದರು. ನಾಯಿಗೆ ಇಷ್ಟು ಜನ ತನ್ನ ಹಿಂದೆ ಬಂದದ್ದು ಬಹಳ ಖುಷಿ ಕೊಟ್ಟಿರಬೇಕು. ಕೊನೆಗೂ ಸಿಗಲಿಲ್ಲ.

ಏದುಸಿರು ಬಿಡುತ್ತ ವಾಪಸು ಬಂದರೆ, ಅತ್ತೆ ಕಾರಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಕತ್ತರಿ, ಎದುರಿಗೆ ಬಸ್ಸಿನ ಹಳೆಯ ಟ್ಯೂಬು.

"ಬಸ್ಸಿನವರ ಹತ್ರ ಇಸ್ಕೊಂಡೆ," ಎಂದರು. "ಹರಿದ ರಬ್ಬರು ಬೂಟು ಕೊಡು ಇತ್ಲಾಗೆ. ಅಳತೆ ಬೇಕು."

ಅಷ್ಟು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತವರು ಅವರು. ಈ ಬುದ್ಧಿ ನನಗೆ ಮೊದಲೇ ಬರಲಿಲ್ಲವಲ್ಲ ಎಂದು ನಗು ಬಂತು. ಹಳೆಯ ಬೂಟನ್ನು ನೆಲದ ಮೇಲೆ ಬಿಡಿಸಿ ನೋಡಿ, "ಇದು ಲಂಗ ಅಲ್ವೇನೆ? ಮೇಲೆ ಸಣ್ಣ ಸೊಂಟ, ಕೆಳಗೆ ದೊಡ್ಡ ಘೇರು, ನಡುವೆ ನೆರಿಗೆ," ಎಂದರು. ಟ್ಯೂಬು ಕತ್ತರಿಸಿ, ನೆರಿಗೆ ಹಿಡಿದು, ದಪ್ಪ ಸೂಜಿಯಿಂದ ಹೊಲಿದರು. ಹೊಲಿಗೆಯ ಮೇಲೆ ನಾನು ಸೈಕಲ್ ಅಂಗಡಿಯ ಸೊಲ್ಯೂಷನ್ ಮೆತ್ತಿದೆ. ಕೀಲಿನ ಮೇಲೆ ಅದನ್ನು ಕೂರಿಸಿ ತಂತಿ ಬಿಗಿದಾಗ ಕಾರು ಲಂಗ ಉಟ್ಟ ಹುಡುಗಿಯಂತೆ ಕಂಡಿತು.

ಅತ್ತೆ ತಲೆಯೆತ್ತಿ ನಕ್ಕರು. ಹತ್ತಿರ ನಿಂತು ನೋಡುತ್ತಿದ್ದ ಸಾವಿತ್ರಮ್ಮ ಆ ನಗು ಕಂಡು ತಟ್ಟನೆ ಕೇಳಿದರು: "ನಿಮಗೆ ಹೊಳೆಕೊಪ್ಪದಲ್ಲಿ ಯಾರಾದ್ರೂ ಇದ್ರಾ?"

ಅತ್ತೆ ಕತ್ತರಿ ಬದಿಗಿಟ್ಟು, "ನನ್ನ ತಂಗಿ," ಎಂದರು.

"ಮುಳುಗಡೆ ಹೊತ್ನಲ್ಲಿ ಹೊಳೆಕೊಪ್ಪದ ಹೆಂಗಸೊಬ್ಬರು ಇಲ್ಲೇ ನಮ್ಮ ಜಗಲಿ ಎದುರು ಗಾಡಿ ಬಿಚ್ಚಿ ಕೂತಿದ್ರು. ಮನೆ ಬಾಗಿಲನ್ನೂ ಕಿತ್ತು ಗಾಡಿ ಮೇಲೆ ಹೇರಿದ್ರು. ಬಾಗಿಲು ಯಾಕೆ ಅಂತ ನಾನು ಕೇಳಿದ್ದಕ್ಕೆ, 'ನೀರು ಒಳಗೆ ಬರ್ಬೇಕಾದ್ರೆ ಬಾಗಿಲು ಬಡಿಯೋ ಕಷ್ಟ ಬೇಡ ಅಂತ' ಅಂದು ನಕ್ಕಿದ್ರು. ಹಿಂಗೇ ನಗೋದು, ನಿಮ್ಮ ಹಂಗೇ. ಕವಲೇದುರ್ಗದ ಬುಡಕ್ಕೆ ಹೋಗ್ತೀವಿ ಅಂದ ನೆನಪು."

"ಚಿನ್ನೀನೇ," ಎಂದರು ಅತ್ತೆ. ಅವರ ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಆ ಮಾತು ಅವಳದ್ದೇ."

ಕವಲೇದುರ್ಗದ ಬುಡ

ತೀರ್ಥಹಳ್ಳಿ ತಾಲೂಕಿನ ಆ ದಾರಿಯನ್ನು ದಾರಿ ಎನ್ನುವುದು ಔದಾರ್ಯ. ಮೇಲೆ ಕೋಟೆಯ ಗುಡ್ಡ, ಕೆಳಗೆ ಕೊಯ್ದು ಮುಗಿದ ಗದ್ದೆಗಳು, ನಡುವೆ ಎತ್ತಿನಗಾಡಿಯ ಜಾಡು. ನಾನು ಒಂದೊಂದು ಕಲ್ಲಿಗೂ ನಮಸ್ಕಾರ ಮಾಡುವಂತೆ ಓಡಿಸಿದೆ. ಈ ಸಲ "ಪೋಲೆ ಪೋಲೆ" ಎಂದು ಗೊಣಗುತ್ತಿದ್ದವಳು ನಾನು. ಅತ್ತೆ, "ಬೇಗ ಹೋಗೇ ಮಾರಾಯ್ತಿ," ಎನ್ನುತ್ತಿದ್ದರು.

ಊರಿಗೆ ಹೊಸದಾಗಿ ಬಂದವರ ಮನೆ ಎಂದು ಕೇಳಿದ ಕೂಡಲೇ ತೋರಿಸಿದರು. ಹೊಸ ಗೋಡೆ, ಹೊಸ ಹಂಚು, ಅದಕ್ಕೊಂದು ಬಹಳ ಹಳೆಯ ಕೆತ್ತನೆಯ ಬಾಗಿಲು. ನಾನು ಕಾರನ್ನು ಸೀದಾ ಅಂಗಳಕ್ಕೆ ತಂದು ನಿಲ್ಲಿಸಿದೆ. ಟ್ಯೂಬಿನ ಬೂಟಿನ ಹೊಲಿಗೆ ಜಾಡಿನಲ್ಲಿ ಎಲ್ಲೋ ಬಿಚ್ಚಿಕೊಂಡಿತ್ತು ಎಂಬುದು ನನಗೆ ತಿಳಿದಿರಲಿಲ್ಲ.

ಸೊಂಟಕ್ಕೆ ಸೆರಗು ಸಿಕ್ಕಿಸಿದ ಒಬ್ಬ ಹೆಂಗಸು ಕೈಯಲ್ಲಿ ಅಂಗಳ ಗುಡಿಸುವ ಹಿಡಿ ಹಿಡಿದು ಒಳಗಿನಿಂದ ದಡದಡ ಬಂದಳು.

"ಯಾರದ್ರೀ ಗಾಡಿ? ಕಣ್ಣು ಕಾಣದಿಲ್ವಾ? ಈಗಷ್ಟೇ ಸಗಣಿ ಸಾರ್ಸಿದೀನಿ, ಅಂಗಳ ಎಲ್ಲಾ ಕರಿ ಎಣ್ಣೆ ಸುರ್ಸಿದೀರಲ್ಲ! ತೆಗೀರಿ ಆ ಕಡೆ!"

ಅತ್ತೆ ಕಾರಿನಿಂದ ಇಳಿದರು. ಬಾಗಿಲು ಹಿಡಿದುಕೊಂಡೇ ನಿಂತರು. "ಇನ್ನೂ ಬಾಯಿ ಸಣ್ಣ ಆಗ್ಲಿಲ್ವೇನೆ ನಿಂದು?" ಎಂದರು.

ಹಿಡಿ ಕೈಯಲ್ಲೇ ನಿಂತಿತು. ಚಿನ್ನಮ್ಮ ಮುಖ ನೋಡಲಿಲ್ಲ, ತಲೆ ಓರೆ ಮಾಡಿ ದನಿಯನ್ನೇ ಆಲಿಸಿದಳು. ಆ ಮುಖದಲ್ಲಿ ಸಿಟ್ಟು ಕರಗಿ ಇನ್ನೊಂದು ಬರುವುದನ್ನು ನಾನು ನೋಡಿದೆ. ಅದನ್ನು ಹೇಗೆ ಬರೆಯಬೇಕೋ ತಿಳಿಯದು.

"ಗಿರಿಯಕ್ಕ?"

"ಮತ್ಯಾರು?"

"ಅಕ್ಕಾ, ಇಷ್ಟು ವರ್ಷ ಬೇಕಾಯ್ತೇನೆ ನಿಂಗೆ?" ಎಂದು ಚಿನ್ನಮ್ಮ ಹಿಡಿಯನ್ನು ಬಿಸಾಕಿ, ಅದೇ ಗ್ರೀಸು ತುಳಿದುಕೊಂಡು ಓಡಿ ಬಂದಳು. ಇಬ್ಬರೂ ತಬ್ಬಿಕೊಂಡು ಅತ್ತರು, ಅಳುತ್ತಲೇ ಬೈದರು, ಬೈಯುತ್ತಲೇ ನಕ್ಕರು. ಚಿನ್ನಮ್ಮನ ಗಂಡ ಗದ್ದೆಯಿಂದ ಬಂದು, ಏನು ನಡೆಯುತ್ತಿದೆಯೆಂದು ಅರ್ಥವಾಗದೆ, ನನ್ನನ್ನು ನೋಡಿ, ಕಾರು ನೋಡಿ, ಕೊನೆಗೆ ಒಳಗೆ ಹೋಗಿ ಬೆಲ್ಲ ನೀರು ತಂದುಕೊಟ್ಟರು.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಮಾತೆಂಬುದು ನಿಲ್ಲಲೇ ಇಲ್ಲ. ಅತ್ತೆಯ ಕನ್ನಡದ ನಡುವೆ ಸ್ವಾಹಿಲಿ ನುಸುಳುತ್ತಿತ್ತು, ಚಿನ್ನಮ್ಮ ಅದನ್ನು ಹಾಗೇ ಹಿಡಿದು ತಿರುಗಿ ಹೇಳುತ್ತಿದ್ದಳು. ಅಲ್ಲಿಯೂ ಚಹಾಕ್ಕೆ ಚಾಯ್ ಎನ್ನುತ್ತಾರೆ ಎಂದು ಕೇಳಿ, "ಮತ್ತೆ ದೂರ ಅಂದ್ರಲ್ಲ, ಇಲ್ಲೇ ಪಕ್ಕದಲ್ಲೇ ಇರ್ಬೇಕು," ಎಂದಳು. ಕಾರಿನ ಎರಡನೆಯ ಲಂಗವನ್ನು ಅಕ್ಕತಂಗಿಯರು ಸೇರಿ ಹೊಲಿದರು, ನೆರಿಗೆ ಎಷ್ಟಿರಬೇಕೆಂದು ಜಗಳವಾಡುತ್ತ. ನಾನು ಮೂರನೆಯದನ್ನೂ ಮಾಡಿಸಿ ಇಟ್ಟುಕೊಂಡೆ. ಈ ಬೂಟುಗಳು ಹರಿಯುವುದು ನಿಲ್ಲುವುದಿಲ್ಲ ಎಂಬುದು ನನಗೆ ಅಷ್ಟು ಹೊತ್ತಿಗೆ ಖಾತ್ರಿಯಾಗಿತ್ತು. ಅದರ ಬಗ್ಗೆ ಕೋಪವೂ ಹೋಗಿತ್ತು.

ಹೊರಡುವ ದಿನ ಹತ್ತಿರ ಬಂದಾಗ ಅತ್ತೆ, "ಒಂದ್ಸಲ ಊರು ಕಡೆ ಹೋಗ್ಬರಣ," ಎಂದರು.

ಚಿನ್ನಮ್ಮನ ಮುಖ ಮುಚ್ಚಿಕೊಂಡಿತು. "ಊರೆಲ್ಲಿದೆ? ಗಾಡಿ ಹತ್ತಿದ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ. ಆ ನೀರು ನೋಡಲ್ಲ ಅಂತ ಹೇಳ್ಬಿಟ್ಟಿದೀನಿ."

"ಹೌದು, ಅವಳು ಬರಲ್ಲ," ಎಂದರು ಅವಳ ಗಂಡ.

ಅತ್ತೆ ಒತ್ತಾಯ ಮಾಡಲಿಲ್ಲ. "ನಂಗೆ ದಾರಿ ಗೊತ್ತಿಲ್ವಲ್ಲೇ. ತೋರ್ಸೋರು ಯಾರು?" ಎಂದಷ್ಟೇ ಹೇಳಿದರು.

ಬೆಳಿಗ್ಗೆ ನಾನು ಕಾರಿನ ಅಡಿಯಲ್ಲಿ ತಂತಿ ಬಿಗಿಯುತ್ತಿದ್ದಾಗ, ಹೊಸ ಸೀರೆಯ ಅಂಚು ಮತ್ತು ಎರಡು ಪಾದ ಕಾಣಿಸಿದವು. "ನಿಮ್ಮ ಅತ್ತೆ ದಾರಿ ತಪ್ತಾಳೆ. ಮುಂದೆ ನಾನು ಕೂರ್ತೀನಿ," ಎಂದಳು ಚಿನ್ನಮ್ಮ.

ನೀರಿನ ದಡ

ಹೊಸನಗರದ ಆಚೆ ರಸ್ತೆ ನೇರವಾಗಿ ನೀರಿಗೆ ಇಳಿದು ಮಾಯವಾಗುತ್ತದೆ. ಬೇಸಿಗೆಯ ಹೊತ್ತಾದ್ದರಿಂದ ನೀರು ಹಿಂದೆ ಸರಿದಿತ್ತು. ಅಲ್ಲಲ್ಲಿ ಬೋಳು ಮರಗಳ ತಲೆಗಳು ಮೇಲೆದ್ದಿದ್ದವು. ಇಷ್ಟು ದೊಡ್ಡ ನೀರನ್ನು ನಾನು ವಿಕ್ಟೋರಿಯಾ ಸರೋವರದಲ್ಲಿ ಕಂಡಿದ್ದೆ, ಆದರೆ ಅದರ ಕೆಳಗೆ ಯಾರ ಮನೆಯೂ ಇರಲಿಲ್ಲ.

ಚಿನ್ನಮ್ಮ ಇಳಿದಳು. ನೀರು ಕಾಣದಂತೆ ಕಣ್ಣಿನ ಮೇಲೆ ಕೈ ಇಟ್ಟುಕೊಂಡು ನಿಂತಳು. ನಾನು ಹೆದರಿದೆ.

"ಅಗಾ, ಆ ಬೋಳು ಮರ ಕಾಣ್ತದಲ್ಲ," ಎಂದರು ಅತ್ತೆ ಮೆಲ್ಲಗೆ, "ಅದೇ ಅಲ್ವಾ ನಮ್ಮ ಬಾವಿ ಪಕ್ಕದ ಹಲಸು?"

ಚಿನ್ನಮ್ಮ ಕೈ ತೆಗೆದು ನೋಡಿದಳು. "ಎಂಥ ಹಲಸು? ಅದು ದೇವಸ್ಥಾನದ ಹಿಂದಿನ ಧೂಪದ ಮರ. ಬಾವಿ ಆ ಕಡೆ."

"ಆ ಕಡೆ ದನ ಕಟ್ಟೋ ಜಾಗ. ನಂಗೊತ್ತಿಲ್ವಾ?"

"ನೀ ಸಣ್ಣೋಳಿದ್ದಾಗ ಹೋದೋಳು, ನಿಂಗೆಂಥ ಗೊತ್ತು? ಅಲ್ಲೇ ಬಾವಿಗೆ ಬಿಂದಿಗೆ ಬಿತ್ತು ಅಂತ ನಾನು ಅಪ್ಪನ ಕೈಲಿ ಏಟು ತಿಂದಿದ್ದು!"

"ಬೀಳ್ಸಿದ್ದು ನಾನು, ಏಟು ತಿಂದಿದ್ದು ನೀನು!"

ಚಿನ್ನಮ್ಮ ತಿರುಗಿ ಅಕ್ಕನನ್ನು ನೋಡಿದಳು. "ನೀನಾ?" ಎಂದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಆ ನೀರಿನ ಎದುರಿಗೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವರ ಗದ್ದಲ ಕೇಳಿ ಮೀನಿನ ಬಲೆ ಹಾಕುತ್ತಿದ್ದ ಒಬ್ಬಾತ ದೋಣಿಯನ್ನು ದಡಕ್ಕೆ ತಂದ. ಹೊಳೆ ದಾಟುವವರು ಎಂದುಕೊಂಡಿರಬೇಕು. ನಾವು ಮೂವರೂ ಸೀರೆ ಎತ್ತಿ ಹಿಡಿದು ದೋಣಿ ಹತ್ತಿದೆವು. ಚಿನ್ನಮ್ಮ ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟಳು.

"ಎಲ್ಲಿಗೆ ಬಿಡ್ಬೇಕು ಅಮ್ಮಾ?" ಎಂದು ದೋಣಿಯವನು ಕೇಳಿದ.

"ಮನೆಗೆ," ಎಂದರು ಇಬ್ಬರೂ ಒಟ್ಟಿಗೆ. ಒಬ್ಬರು ಈ ಕಡೆ ಕೈ ತೋರಿಸಿದರು, ಇನ್ನೊಬ್ಬರು ಆ ಕಡೆ. ದೋಣಿಯವನು ಇಬ್ಬರ ಮುಖವನ್ನೂ ನೋಡಿ, ಎರಡು ಕೈಗಳ ನಡುವಿನ ದಾರಿ ಹಿಡಿದು ಹುಟ್ಟು ಹಾಕತೊಡಗಿದ.